ಎರಡು ಕೊಳಗ

ಈಚೆಗೆ ನನಗೆ ಒಂದು ಬಗೆಯ ಫೋನು ಬರುತ್ತದೆ. ಗುರುತಿಲ್ಲದ ನಂಬರು. ಆ ಕಡೆಯವರು ಮೊದಲು ನನ್ನ ಪುಸ್ತಕದ ಹೆಸರು ಹೇಳಿ, "ಅದನ್ನ ಬರೆದವರು ನೀವೇನಾ?" ಅಂತ ಕೇಳುತ್ತಾರೆ. ಹೌದು ಅಂದರೆ ಒಂದು ಗಳಿಗೆ ಮಾತಿಲ್ಲ. ನಾನು ಬದುಕಿರಬಹುದು ಅನ್ನೋದು ಅವರ ಎಣಿಕೆಯಲ್ಲೇ ಇರುವುದಿಲ್ಲ. ಒಬ್ಬರಂತೂ "ಅಯ್ಯೋ, ಇದ್ದೀರಾ ಸರ್!" ಅಂದೇಬಿಟ್ಟರು. ಇದ್ದೇನೆ ಮಾರಾಯ್ರೆ, ಸಕ್ಕರೆ ಕಾಯಿಲೆಯೊಂದು ಬಿಟ್ಟರೆ ಮತ್ತೇನೂ ತೊಂದರೆಯಿಲ್ಲ ಅಂದೆ. ಪುಸ್ತಕದಲ್ಲಿ ಅಚ್ಚಾಗಿರುವುದು 08183ರಿಂದ ಶುರುವಾಗುವ ಹಳೇ ಲ್ಯಾಂಡ್‌ಲೈನ್ ನಂಬರು. ಆ ಫೋನು ಸತ್ತು ಯಾವ ಕಾಲವಾಯಿತೋ. ಆದರೂ ಸಾಗರದ ಪೇಟೆಯಲ್ಲಿ ಯಾರನ್ನೋ ಹಿಡಿದು ನನ್ನ ಮೊಬೈಲ್ ನಂಬರು ಪತ್ತೆ ಮಾಡಿರುತ್ತಾರೆ. ಅಷ್ಟು ಕಷ್ಟಪಟ್ಟು ಹುಡುಕಿದವರ ಹತ್ತಿರ ಏನು ಮಾತಾಡಬೇಕು ಅಂತ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

ಪುಸ್ತಕ ಬಂದದ್ದು 2008ರಲ್ಲಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಡಿ ಹೋದ ನಮ್ಮ ಊರು, ಮನೆ, ತೋಟ, ಊರು ಬಿಟ್ಟ ವರ್ಷ, ಆಮೇಲಿನ ಸಾಗರದ ಬಾಡಿಗೆ ಮನೆ. ಇಷ್ಟೇ ಅದರಲ್ಲಿರುವುದು. ಮುಳುಗಡೆಯ ಕತೆ ನಿಮಗೆಲ್ಲ ಗೊತ್ತಿದ್ದದ್ದೇ, ಮತ್ತೆ ಹೇಳುವುದಿಲ್ಲ. ಊರು ಬಿಟ್ಟಾಗ ನನಗೆ ಹತ್ತು ವರ್ಷ, ಬರೆಯಲು ಕೂತಾಗ ಐವತ್ತು ದಾಟಿತ್ತು. 1000 ಪ್ರತಿ ಅಚ್ಚು ಹಾಕಿಸಿದ್ದಾಯಿತು. 300 ಪ್ರತಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಯಿತು. ಒಂದಷ್ಟು ಮದುವೆ, ಉಪನಯನದ ಮನೆಗಳಲ್ಲಿ ಉಡುಗೊರೆಯಾಗಿ ಹೋಯಿತು. ಪತ್ರಿಕೆಗಳ 'ಪುಸ್ತಕ ಸ್ವೀಕಾರ'ದಲ್ಲಿ ಹೆಸರು, ಪುಟ, ಬೆಲೆ ಬಂತು. ಉಳಿದದ್ದು ನಮ್ಮ ಅಟ್ಟ ಸೇರಿತು. ಕನ್ನಡದಲ್ಲಿ ಪುಸ್ತಕ ಮಾಡಿದವರಿಗೆ ಈ ಲೆಕ್ಕ ಹೊಸದೇನಲ್ಲ. ಬೇಸರ ಪಟ್ಟುಕೊಂಡೆ, ಆಮೇಲೆ ಅದೂ ಮರೆತುಹೋಯಿತು.

2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತಲ್ಲ, ಅದರ ಹಿಂದೆಯೇ ಇದೆಲ್ಲ ಶುರುವಾಯಿತು. ಸಿಗಂದೂರಿಗೆ ಹೋಗುವವರಿಗೂ, ಅವರಿಗಿಂತ ಹೆಚ್ಚಾಗಿ ತುಮರಿ ಕಡೆಯ ಜನಕ್ಕೂ ಲಾಂಚ್ ಕಾಯುವ ಕರ್ಮ ತಪ್ಪಿತು. ಸೇತುವೆಯಾಗುವ ತನಕ ಲಾಂಚಿನ ಕ್ಯೂ ಬೈಯುತ್ತಿದ್ದವರು, ಆದ ವಾರಕ್ಕೇ ಲಾಂಚ್ ನೆನೆದು ಫೇಸ್‌ಬುಕ್ಕಿನಲ್ಲಿ ಕಣ್ಣೀರು ಹಾಕತೊಡಗಿದರು. (ರಾತ್ರಿ ಹೆರಿಗೆ ನೋವು ಬಂದವಳನ್ನು ಈಚೆ ದಡಕ್ಕೆ ತರಲು ಪಾಡು ಪಟ್ಟವರು ಯಾರೂ ಹಾಗೆ ಅತ್ತದ್ದನ್ನು ನಾನು ನೋಡಲಿಲ್ಲ.) ಆ ಗದ್ದಲದಲ್ಲಿ ಯಾರೋ ನನ್ನ ಪುಸ್ತಕದ ಒಂದು ಪುಟದ ಫೋಟೋ ಹಾಕಿದರು. ಗುಡ್ಡದ ಮೇಲೆ ನಿಂತು ನೀರು ಏರುವುದನ್ನು ನೋಡುವ ಪುಟ. ಅದು ಓಡಾಡಿತು. ಇನ್ಯಾರೋ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ವಾಟ್ಸಾಪಿಗೆ ಬಿಟ್ಟರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ, ಆದರೆ ಕೇಳಬೇಕಿತ್ತು.

ಆ ಪಿಡಿಎಫ್ ನನಗೂ ಬಂತು, ನಮ್ಮ ಕುಟುಂಬದ ಗುಂಪಿನಲ್ಲೇ. ಯಾವುದೋ ಗ್ರಾಮ ಪಂಚಾಯ್ತಿ ಗ್ರಂಥಾಲಯದ ಸೀಲು ಇದೆ. ತಾರೀಕು ಹಾಕುವ ಚೀಟಿ ಮಾತ್ರ ಖಾಲಿ. ಅಷ್ಟು ವರ್ಷ ಯಾರೂ ಮನೆಗೆ ಒಯ್ದಿಲ್ಲ. ಸಗಟು ಖರೀದಿಯನ್ನು ಬೈಯುವವರ ಸಾಲಿನಲ್ಲಿ ನಾನೂ ಇದ್ದೆ. ಮನೆ ತೆರಿಗೆಯ ಜೊತೆ ಕಟ್ಟುವ ಶೇ. 6ರ ಗ್ರಂಥಾಲಯ ಕರ ಎಲ್ಲಿಗೆ ಹೋಗುತ್ತದೋ ಅಂತ ಗೊಣಗಿದ್ದೇನೆ. ಈಗ ಬಾಯಿ ಮುಚ್ಚಿದ್ದೇನೆ. ಅಂಗಡಿಯಲ್ಲಿದ್ದ ಪ್ರತಿ ಮಾರಾಟವಾಗದೆ ವಾಪಸು ಬಂತು, ನನ್ನ ಅಟ್ಟದ ಪ್ರತಿಗಳನ್ನು ಹುಳ ತಿಂದವು. ಯಾರೂ ಮುಟ್ಟದೆ ಕಪಾಟಿನಲ್ಲಿ ನಿಂತಿದ್ದದ್ದೇ ಕೊನೆಗೆ ಉಳಿದದ್ದು. ಸ್ಕ್ಯಾನ್ ಮಾಡಿದವರ ಆತುರಕ್ಕೆ ಅದರಲ್ಲಿ ಎರಡು ಪುಟ ಬಿಟ್ಟುಹೋಗಿದೆ. ಆ ಪುಟಗಳಲ್ಲಿ ಏನೋ ಗುಟ್ಟಿದೆ, ಬೇಕೆಂದೇ ತೆಗೆಸಿದ್ದಾರೆ ಅಂತ ಒಬ್ಬ ಓದುಗರು ನಂಬಿದ್ದಾರೆ. ಅಲ್ಲಿರುವುದು ನಮ್ಮ ಎಮ್ಮೆಯ ವಿಚಾರ.

ಪೆನ್ಸಿಲ್ ಹಿಡಿದು ಓದಿದವಳು

2008ರ ಓದುಗರು ಬೇರೆ ಜಾತಿಯವರು. ಅವರು ಪುಸ್ತಕವನ್ನು ಮೊದಲ ಪುಟದಿಂದ ಓದಲೇ ಇಲ್ಲ. ತಮ್ಮ ಹೆಸರು ಎಲ್ಲಿದೆ ಅಂತ ಹುಡುಕಿದರು. ಸಿಕ್ಕವರು ಆ ಪುಟ ಓದಿ ಮುಖ ಗಂಟು ಹಾಕಿಕೊಂಡರು, ಸಿಗದವರು ಪುಸ್ತಕ ಮುಚ್ಚಿಟ್ಟರು. ದೊಡ್ಡಪ್ಪನ ಮಗನಿಗೆ ಅವನಪ್ಪನ ಬಗ್ಗೆ ಬರೆದದ್ದು ಕಡಿಮೆಯಾಯಿತು. ಆಚೆ ಊರಿನವರೊಬ್ಬರು ಪೇಟೆಯಲ್ಲಿ ತಡೆದು ನಿಲ್ಲಿಸಿ, ನಿಮ್ಮ ಮನೆಯ ಮುಂದೆ ಇದ್ದದ್ದು ಹಲಸಿನ ಮರವಲ್ಲ, ಹೆಬ್ಬಲಸು ಅಂತ ವಾದ ಮಾಡಿದರು. ಆಗ ನನಗೆ ರೇಗಿತ್ತು. ಇಷ್ಟು ವರ್ಷ ನೆನೆದು ನೆನೆದು ಬರೆದಿದ್ದೇನೆ, ಇವರಿಗೆ ಮರದ ಜಾತಿಯೇ ದೊಡ್ಡದಾಯಿತಲ್ಲ ಅನ್ನಿಸಿತ್ತು.

ಎಲ್ಲರಿಗಿಂತ ಗಟ್ಟಿ ಓದುಗಾರ್ತಿ ನನ್ನ ಅತ್ತೆ, ಅಪ್ಪನ ತಂಗಿ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವಳು. ಊರು ಬಿಡುವಾಗ ಅವಳಿಗೆ ಇಪ್ಪತ್ತರ ಮೇಲಾಗಿತ್ತು, ಹಾಗಾಗಿ ನನಗಿಂತ ಹೆಚ್ಚು ನೋಡಿದ್ದಳು, ಹೆಚ್ಚು ತಿಳಿದಿದ್ದಳು. ಪುಸ್ತಕ ಕೊಟ್ಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚೀಲದಲ್ಲಿ ಅದನ್ನಿಟ್ಟುಕೊಂಡು ಬಂದಳು. ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ಪುಟ ತೆರೆದಳು. ನೋಡಿದರೆ ಅಂಚಿನ ತುಂಬ ಪೆನ್ಸಿಲ್. 'ಅಲ್ಲ.' 'ಇದು ಅಣ್ಣ ಹೇಳಿದ್ದಲ್ಲ, ನಾನು ಹೇಳಿದ್ದು.' 'ಸುಳ್ಳು.' ಒಂದು ಕಡೆ 'ಇದು ಹೌದು' ಅಂತಲೂ ಇತ್ತು, ಅದನ್ನು ನಾನೇ ಹುಡುಕಿಕೊಂಡೆ. ದೊಡ್ಡ ತಕರಾರು ಇದ್ದದ್ದು ಊರು ಬಿಟ್ಟ ದಿನದ ಬಗ್ಗೆ. ಸಾಮಾನೆಲ್ಲ ಎತ್ತಿನ ಗಾಡಿಗೆ ಹೇರಿಕೊಂಡು ಹೊರಟೆವು ಅಂತ ನಾನು ಬರೆದಿದ್ದೆ. ಗಾಲಿಯ ಸದ್ದು, ಹಿಂದೆ ನಡೆದು ಬಂದ ನಾಯಿ, ಎಲ್ಲ ಇತ್ತು. ಆ ಅಧ್ಯಾಯ ಚೆನ್ನಾಗಿ ಬಂದಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

"ಗಾಡಿ ಅಲ್ದೋ ಅಪ್ಪಿ, ಲಾರಿ. ಯಂಗೆ ಸರಿ ನೆನಪಿದ್ದು," ಅಂದಳು ಅತ್ತೆ.

ನಮ್ಮ ಅಂಗಳದ ತನಕ ಲಾರಿ ಬರುವ ರಸ್ತೆ ಎಲ್ಲಿತ್ತು ಅಂತ ನಾನು ಕೇಳಿದೆ. ಲಾರಿ ದೊಡ್ಡ ರಸ್ತೆಯಲ್ಲಿ ನಿಂತಿತ್ತು, ಅಲ್ಲಿಯ ತನಕ ಎಲ್ಲ ತಲೆಹೊರೆ ಅಂದಳು. ಗಾಡಿ ಬಂದದ್ದು ಕೊಟ್ಟಿಗೆಯ ಹಂಚು ಸಾಗಿಸಲು, ಅದೂ ಆಮೇಲೆ. ಹಾಗಾದರೆ ನಾನು ಗಾಡಿಯಲ್ಲಿ ಕೂತದ್ದು ಸುಳ್ಳಾ ಅಂದೆ. ನಿನಗೆ ಜ್ವರ ಬಂದಿತ್ತು, ಯಾವುದರಲ್ಲಿ ಕೂತೆಯೋ ನಿನಗೇ ಗೊತ್ತಿರಲಿಲ್ಲ ಅಂದಳು. ಕಾಫಿ ಆರಿತು. ನನ್ನ ಹೆಂಡತಿ ಒಳಗಿಂದ ಬಂದು ಇಬ್ಬರ ಮುಖವನ್ನೂ ನೋಡಿ ಮತ್ತೆ ಒಳಗೆ ಹೋದಳು. ಕೊನೆಗೆ ನಾನು, ಎರಡನೇ ಮುದ್ರಣದಲ್ಲಿ ನೀನು ಹೇಳಿದ್ದನ್ನೂ ಹಾಕುತ್ತೇನೆ ಬಿಡು ಅಂದೆ. "ಎರಡನೇ ಸಲ ಅಚ್ಚಾಪ್ದು ಹೌದಾ?" ಅಂತ ಕೇಳಿ ನಕ್ಕಳು. ಗಾಡಿಯೋ ಲಾರಿಯೋ, ನನಗೆ ಈಗಲೂ ಗಾಡಿ ಅನ್ನಿಸುತ್ತದೆ. ಆದರೆ ಅವಳಿರುವ ತನಕ ಆ ಮಾತನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ಅತ್ತೆ ಈಗಿಲ್ಲ. ಹೆಬ್ಬಲಸಿನವರೂ ಇಲ್ಲ. ನಮ್ಮ ಊರಿನ ಅಂಗಳ, ಕಣ, ಹೊಳೆಯ ಕಟ್ಟೆ ನೋಡಿ, ಬುದ್ಧಿ ಬಲಿತ ಮೇಲೆ ಆ ನೆನಪು ಇಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಹೋದರು. ಉಳಿದವರು ನಾನು, ನನ್ನ ವಾರಿಗೆಯ ಒಂದಿಬ್ಬರು. ನಾವೆಲ್ಲ ಆಗ ಚಡ್ಡಿ ಹಾಕುತ್ತಿದ್ದವರು. ಹೀಗಾಗಿ ಪುಸ್ತಕಕ್ಕೆ ಎದುರು ಹೇಳುವವರೇ ಇಲ್ಲವಾಯಿತು. ಈಗಿನ ಓದುಗರು ಫೋನಿನಲ್ಲಿ ನನ್ನ ಮಾತನ್ನು ನಂಬುವ ರೀತಿ ನೋಡಿದರೆ ಅತ್ತೆಯ ಪೆನ್ಸಿಲ್ ನೆನಪಾಗುತ್ತದೆ. ಅವರಿಗೆ ಗಾಡಿ ಬಿಟ್ಟರೆ ಬೇರೆ ವಾಹನವೇ ಇಲ್ಲ.

ಅವರು ಕೇಳುವುದು, ನಾನು ಬರೆದದ್ದು

ಇದು ಬರೀ ನನ್ನ ಕಳವಳ ಅಂದುಕೊಂಡಿದ್ದೆ. ಹಾಗಲ್ಲ ಅಂತ ತೋರಿಸಿದವಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗಿ. ಮುಳುಗಡೆಯ ಕುಟುಂಬಗಳ ಬಗ್ಗೆ ಬರೆಯುತ್ತಿದ್ದಾಳೆ, ಶ್ರದ್ಧೆಯವಳು. ತನ್ನ ಒಂದು ಅಧ್ಯಾಯವನ್ನು ನೋಡಿ ಹೇಳಿ ಅಂತ ಕಳಿಸಿದಳು. ಅದರಲ್ಲಿ 'ಕಣಿವೆಯ ಕುಟುಂಬಗಳು ಎತ್ತಿನ ಗಾಡಿಗಳಲ್ಲಿ ಊರು ತೊರೆದವು' ಎಂಬ ಸಾಲು. ಕೆಳಗೆ ಅಡಿಟಿಪ್ಪಣಿ, ನನ್ನ ಪುಟಸಂಖ್ಯೆ. ನಮ್ಮನೆಯ ಒಂದು ಗಾಡಿ ಇಡೀ ಶರಾವತಿ ಕಣಿವೆಯ ಗಾಡಿಗಳಾಗಿತ್ತು. ಅತ್ತೆಯ ಲಾರಿ ವಿಷಯ ಹೇಳಿದೆ. ಅವಳು ಮರ್ಯಾದೆಯಿಂದಲೇ, "ಅವರು ಹೇಳಿದ್ದು ಎಲ್ಲಾದ್ರೂ ಬರಹದಲ್ಲಿ ಇದೆಯಾ ಸರ್?" ಅಂತ ಕೇಳಿದಳು. ಇದೆ, ಪೆನ್ಸಿಲ್ಲಿನಲ್ಲಿ ಅಂದೆ. ಇಬ್ಬರೂ ನಕ್ಕೆವು. ಆ ಸಾಲು ಹಾಗೇ ಉಳಿಯಿತೋ ಬದಲಾಯಿತೋ ಕೇಳಲು ಹೋಗಿಲ್ಲ.

ಪತ್ರಿಕೆಯವರು, ಯೂಟ್ಯೂಬಿನವರು ಬೇರೆ. ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗಿಳಿಸಿ ಕರೆಂಟು ತೆಗೆಯುವಂಥದ್ದು, ಬರುತ್ತದೆ ಅಂದಾಗ ಅವರ ಫೋನು ಜಾಸ್ತಿಯಾಯಿತು. ಅವರಿಗೆ ಬೇಕಾದದ್ದು ಎಪ್ಪತ್ತು ದಾಟಿದ ನಾನಲ್ಲ. ಗುಡ್ಡದ ಮೇಲೆ ನಿಂತ ಆ ಹತ್ತು ವರ್ಷದ ಹುಡುಗ ಬೇಕು. ಆ ಪುಟವನ್ನು ಕ್ಯಾಮೆರಾ ಎದುರು ಓದಿ, ಆದರೆ ಸ್ವಲ್ಪ ನಿಧಾನಕ್ಕೆ ಅನ್ನುತ್ತಾರೆ. ಯೋಜನೆಯ ಬಗ್ಗೆ ನನಗೆ ಹೇಳುವುದಿದೆ. ಲಿಂಗನಮಕ್ಕಿಯ ನೀರಿನಿಂದ ಶರಾವತಿಯ 1035 ಮೆಗಾವಾಟ್ ನಡೆಯುತ್ತಿದೆ, ಆ ಬೆಳಕಿನಲ್ಲೇ ನಾನು ಓದಿದೆ, ಕೆಲಸ ಮಾಡಿದೆ, ಈ ಪುಸ್ತಕ ಬರೆದೆ. ಹಾಗಿದ್ದೂ ಇನ್ನೊಂದು ಯೋಜನೆಗೆ ಅದೇ ಕಣಿವೆಯ ಕಾಡೇ ಯಾಕೆ ಬೇಕು ಅಂತ ಕೇಳಬೇಕು. ಅಷ್ಟು ಉದ್ದದ ಮಾತು ಅವರ ವಿಡಿಯೋಕ್ಕೆ ಹಿಡಿಸುವುದಿಲ್ಲ. ಹುಡುಗನ ಕಣ್ಣೀರಾದರೆ ಹಿಡಿಸುತ್ತದೆ.

ಸಂತೋಷ ಕೊಟ್ಟ ಓದುಗರೂ ಇದ್ದಾರೆ. ಶಿರಸಿ ಕಡೆಯವರೊಬ್ಬರು ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಮಾವಿನಮಿಡಿಯ ತಳಿ ಸಂಗ್ರಹಿಸುವವರು. ಅವರು ಪುಸ್ತಕ ಪೂರ್ತಿ ಓದಿಯೇ ಇಲ್ಲ, ಆ ಮಾತನ್ನು ಮರೆಮಾಚಲೂ ಇಲ್ಲ. ಅವರಿಗೆ ಬೇಕಾದದ್ದು ಒಂದು ಸಾಲು. ನಮ್ಮ ಹೊಳೆಯಂಚಿನ ಮರದ ಮಿಡಿಗೆ ಜೀರಿಗೆ ಪರಿಮಳ, ಸೊನೆ ಕೈಗೆ ತಾಗಿದರೆ ಎರಡು ದಿನ ಹೋಗುತ್ತಿರಲಿಲ್ಲ ಅಂತ ಎಲ್ಲೋ ಬರೆದಿದ್ದೆ. ಮಿಡಿ ಉದ್ದವೋ ಗುಂಡೋ, ತೊಟ್ಟಿನ ಹತ್ತಿರ ಕೆಂಪಿತ್ತಾ, ಉಪ್ಪಿನಕಾಯಿ ಎಷ್ಟು ವರ್ಷ ಇಟ್ಟರೂ ಮೆತ್ತಗಾಗುತ್ತಿರಲಿಲ್ಲವಾ, ಸೊನೆಯನ್ನು ಬೇರೆ ತೆಗೆದಿಡುತ್ತಿದ್ದರಾ, ಹೀಗೆ ಕೇಳಿದರು. ಇಂಥ ಪರೀಕ್ಷೆ ನನ್ನ ಪುಸ್ತಕಕ್ಕೆ ಯಾವ ವಿಮರ್ಶಕರೂ ಮಾಡಿರಲಿಲ್ಲ. ಅಪ್ಪೆಮಿಡಿಗೆ ಜಿಐ ಟ್ಯಾಗ್ ಸಿಕ್ಕಿದ್ದು 2009ರಲ್ಲಿ, ನನ್ನ ಪುಸ್ತಕ ಬಂದ ಮರುವರ್ಷ. ಆಮೇಲೆ ಇಂಥ ಮರಗಳನ್ನು ಹುಡುಕುವವರು, ಕಸಿ ಕಟ್ಟುವವರು ಹೆಚ್ಚಾದರು. ನಮ್ಮ ಕಾಲದಲ್ಲಿ ಕಸಿ ಯಾರಿಗೆ ಹೊಳೆದಿತ್ತು? ಮರ ಇದ್ದಲ್ಲೇ ಇರುತ್ತದೆ, ಮಿಡಿ ಬೇಕಾದವರು ಅಲ್ಲಿಗೆ ಹೋಗುತ್ತಾರೆ, ಅಷ್ಟೇ. ನೀರು ತಳ ಕಂಡ ಬೇಸಿಗೆಯಲ್ಲಿ ಆ ಜಾಗ ಕಾಣುತ್ತದಾ ಅಂತ ಕೇಳಿದರು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಅಂಥ ವರ್ಷಗಳಲ್ಲಿ ಮೇಲೆ ಬರುತ್ತದೆ, 1948ರದ್ದು, ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೇ ಅಣೆಕಟ್ಟೇ ಮುಳುಗಿದ್ದು. ಜನ ಹೋಗಿ ಅದರ ನೀರು ಹೊರಬಿಡುವ ಸೈಫನ್ನುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಹೊಳೆಯಂಚು ಮಾತ್ರ ಕಂಡದ್ದಿಲ್ಲ. ಕಂಡರೂ ಮರ ಎಲ್ಲಿರುತ್ತದೆ ಅಂದೆ. ಗೊತ್ತು, ಆದರೂ ಕೇಳಿದೆ ಅಂದರು. ಈಗ ಅವರು ಆಗಾಗ ಫೋನು ಮಾಡುತ್ತಾರೆ. ಒಂದು ಭರಣಿ ಮಿಡಿ ಉಪ್ಪಿನಕಾಯಿಯನ್ನೂ ಕಳಿಸಿದ್ದರು.

ಒಂದು ವಿಷಯ ಗಮನಿಸಿದ್ದೇನೆ. ನಾನು ತಿದ್ದಿ ತಿದ್ದಿ, ತಿಂಗಳುಗಟ್ಟಲೆ ಕೂತು ಬರೆದ ಅಧ್ಯಾಯವೊಂದಿದೆ. ಸಾಗರದ ಬಾಡಿಗೆ ಮನೆಯಲ್ಲಿ ಅಪ್ಪ ರಾತ್ರಿ ಎದ್ದು, ಇಲ್ಲದ ತೋಟಕ್ಕೆ ಹೊರಡುತ್ತಿದ್ದದ್ದು. ಪುಸ್ತಕದ ಜೀವವೇ ಅದು ಅಂದುಕೊಂಡಿದ್ದೆ. ಅದರ ಸುದ್ದಿಯನ್ನು ಒಬ್ಬರೂ ಎತ್ತಿಲ್ಲ. ಅವರು ಕೇಳುವುದೆಲ್ಲ ನಾನು ಕೈ ಓಡಿದ ಹಾಗೆ ಬರೆದುಬಿಟ್ಟ ಸಾಲುಗಳನ್ನು. ಮಿಡಿ, ಗದ್ದೆಯ ಹೆಸರು, ಜಾತ್ರೆಗೆ ಹೋಗುವ ಕಾಲುದಾರಿ, ಯಾರ ಮನೆಯಲ್ಲಿ ದೋಣಿ ಇತ್ತು ಅನ್ನೋದು. ಮೊದಮೊದಲು ಇದು ನನಗೆ ಸ್ವಲ್ಪ ಅವಮಾನ ಅನ್ನಿಸುತ್ತಿತ್ತು. ಶಿವಮೊಗ್ಗ ಕಡೆಯ ಒಬ್ಬ ಹುಡುಗ ಬಂದುಹೋದ ಮೇಲೆ ಹಾಗನ್ನಿಸುವುದಿಲ್ಲ.

ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪುಸ್ತಕ

ಆ ಹುಡುಗ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ನಮ್ಮಜ್ಜನ ಹೆಸರು ನಿಮ್ಮ ಪುಸ್ತಕದಲ್ಲಿದೆ, ಬರಬಹುದಾ ಅಂದ. ಒಂದು ಭಾನುವಾರ ಬಸ್ಸಿಗೆ ಬಂದ, ಜೊತೆಗೆ ಅವನಪ್ಪ. ಪಿಡಿಎಫನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದಿದ್ದ. ನನ್ನ ಪುಸ್ತಕವನ್ನು ನಾನೇ ಅಷ್ಟು ನೀಟಾಗಿ ಇಟ್ಟುಕೊಂಡಿಲ್ಲ. ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿದ್ದ. ನಮ್ಮ ಕೆಳಗಿನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರ ಹೆಸರು ಅಲ್ಲಿತ್ತು, ಮಳೆಗಾಲದಲ್ಲಿ ಹೊಳೆ ದಾಟಿಸಲು ನನ್ನನ್ನು ಹೆಗಲ ಮೇಲೆ ಹೊತ್ತಿದ್ದರು ಅಂತ ಬರೆದಿದ್ದೆ. "ಇಷ್ಟೇನಾ ಸರ್, ಮುಂದೆ ಎಲ್ಲೂ ಇಲ್ವಾ?" ಅಂದ. ಇಲ್ಲ, ಅಷ್ಟೇ ಅಂದೆ.

ಅವನಿಗೆ ಬೇಕಾದದ್ದು ದಾಖಲೆ. ಅವರ ಕುಟುಂಬ ನಮ್ಮ ಜೊತೆಗೇ ಊರು ಬಿಟ್ಟು ಶಿವಮೊಗ್ಗ ಕಡೆಯ ಕಾಡಂಚಿಗೆ ಹೋಗಿತ್ತು. ಮೂರು ತಲೆಮಾರು ಅಲ್ಲೇ ಗೇಯ್ದರೂ ಹಕ್ಕುಪತ್ರ ಕೈಗೆ ಬಂದಿಲ್ಲ. ಇವರ ಹಾಗೆ ಎಷ್ಟೋ ಕುಟುಂಬಗಳಿವೆ, ನೀವು ಪೇಪರಿನಲ್ಲಿ ಓದುತ್ತಲೇ ಇರುತ್ತೀರಿ. ತಾವು ಮುಳುಗಡೆಯ ಊರಿನವರು ಅಂತ ತೋರಿಸಲು ಈ ಪುಟವನ್ನು ಅರ್ಜಿಗೆ ಲಗತ್ತಿಸಬಹುದಾ ಅಂತ ಅವನು ಕೇಳಿದ. ಆತ್ಮಕಥೆಯ ಪುಟವನ್ನು ಯಾವ ಗುಮಾಸ್ತ ಒಪ್ಪುತ್ತಾನೆ? ಹಾಗಂತ ಹೇಳಲು ಬಾಯಿ ಬರಲಿಲ್ಲ. ನಾನೊಂದು ಅಫಿಡವಿಟ್ ಮಾಡಿಸಿಕೊಡುತ್ತೇನೆ ಅಂದೆ, ಆಮೇಲೆ ಮಾಡಿಸಿಯೂ ಕೊಟ್ಟೆ. ಪರಿಹಾರದ ಮಾತು ಬಂತು. ಅದು ಬಂದದ್ದು ಕಾಗದದಲ್ಲಿ ಹೆಸರಿದ್ದ ನಮ್ಮಂಥವರಿಗೆ. ಗೇಣಿಗೆ ಮಾಡಿದವರಿಗೆ ಬಂದದ್ದು ಕಡಿಮೆ, ಎಷ್ಟೋ ಜನಕ್ಕೆ ಏನೂ ಇಲ್ಲ. ಇನ್ನೊಂದು ಹತ್ತು ವರ್ಷ ಆ ಗದ್ದೆ ನೀರಿನ ಮೇಲೆ ಇದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ ಹೋಯಿತು. ಡಿಕ್ಲರೇಷನ್ ಕೊಟ್ಟವರು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. 1964ರಲ್ಲೇ ಮುಳುಗಿದ ಗದ್ದೆಗೆ ಯಾರು ಡಿಕ್ಲರೇಷನ್ ಕೊಡಬೇಕು?

ಅವನಪ್ಪ ಅಲ್ಲಿಯ ತನಕ ಸುಮ್ಮನೆ ಕೂತಿದ್ದರು. ನನ್ನ ವಯಸ್ಸಿನವರೇ, ಒಂದೆರಡು ವರ್ಷ ಹೆಚ್ಚುಕಡಿಮೆ. ಅದೇ ಹೊಳೆಯಲ್ಲಿ ನಾವಿಬ್ಬರೂ ಈಜು ಕಲಿತಿದ್ದೇವೆ, ಜೊತೆಗೆ ಕಲಿಯಲಿಲ್ಲ ಅಷ್ಟೆ. ಅವರಿಗೆ ಕಣ್ಣು ಸರಿಯಿಲ್ಲ. ಮಗ ಸಂಜೆ ಸಂಜೆ ಓದಿ ಹೇಳಿದ್ದಾನೆ. ನಾನು ಬರೀ 'ಕೆಳಗಿನ ಗದ್ದೆ' ಅಂತ ಬರೆದದ್ದಕ್ಕೆ ಅವರು ಹತ್ತಾರು ಹೆಸರು ಹೇಳಿದರು. ಪ್ರತಿ ತುಂಡಿಗೂ ಒಂದು ಹೆಸರಿತ್ತಂತೆ, ನಮ್ಮನೆಯಲ್ಲಿ ಯಾರೂ ಅವನ್ನು ಹೇಳಿದ್ದು ನಾನು ಕೇಳಿಲ್ಲ. ಆಮೇಲೆ ಅವರು, "ಹೆಗಡೇರೆ, ಕೊಳಗದ ವಿಷ್ಯ ಬರೆದೀರಲ್ಲ, ಅದು ಚಲೋ ಇತ್ತು," ಅಂದರು.

ಯಾವ ಕೊಳಗ ಅಂತ ನನಗೆ ಥಟ್ಟನೆ ಹೊಳೆಯಲಿಲ್ಲ. ಮಗ ಪುಟ ತೆಗೆದು ತೋರಿಸಿದ. ನಾಲ್ಕೈದು ಸಾಲು. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ನಾವು ಮಕ್ಕಳು ಭತ್ತ ತುಂಬಿಡುವ ಪಣತದ ಹತ್ತಿರ ಆಡುತ್ತಿದ್ದೆವು. ಅಲ್ಲಿ ಮೂಲೆಯಲ್ಲಿ ಭತ್ತ ಅಳೆಯುವ ಎರಡು ಕೊಳಗ ಇದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದು ದೊಡ್ಡದರೊಳಗೆ ಸರಿಯಾಗಿ ಕೂರುತ್ತಿತ್ತು. ಅದನ್ನು ಹೊರಗೆ ಎಳೆಯುವಾಗ ಬರುತ್ತಿದ್ದ ಸದ್ದಿಗೆ ನಗುತ್ತಿದ್ದೆವು. ಮುಟ್ಟಬೇಡಿ ಅಂತ ದೊಡ್ಡಪ್ಪ ಗದರುತ್ತಿದ್ದರು. ಇಷ್ಟೇ. ಬರೆದದ್ದೇ ಮರೆತಿದ್ದೆ.

"ಎರಡಿದ್ದವು ಅಂತ ನಮ್ಮಪ್ಪ ಸಾಯೋ ತನಕ ಹೇಳ್ತಿದ್ದ," ಅಂದರು ಅವರು. "ಗೇಣಿ ಅಳೆಯೋಕೆ ಒಂದು, ನಮಗೆ ಸಾಲ ಕೊಡೋಕೆ ಒಂದು. ನಾವು ಮಕ್ಕಳು, ಏನೋ ಸಿಟ್ಟಿಗೆ ಹೇಳ್ತಾನೆ ಅಂದ್ಕೊಂಡಿದ್ವಿ. ಈಗ ನೀವೇ ಬರೆದೀರಿ."

ಅವರ ದನಿಯಲ್ಲಿ ಜಗಳವಿರಲಿಲ್ಲ. ಅಪ್ಪನ ಮಾತು ನಿಜವಾಯಿತಲ್ಲ ಅನ್ನುವ ಸಮಾಧಾನ ಇತ್ತು, ಅದು ನನಗೆ ಜಗಳಕ್ಕಿಂತ ಭಾರವಾಯಿತು. ಕಾಗೋಡಿನ ಗೇಣಿದಾರರ ಸತ್ಯಾಗ್ರಹ ನನಗೆ ಗೊತ್ತಿಲ್ಲದ್ದಲ್ಲ. 1951, ನಾನು ಹುಟ್ಟುವ ಹಿಂದಿನ ವರ್ಷ. ಎಚ್. ಗಣಪತಿಯಪ್ಪ ರೈತಸಂಘ ಕಟ್ಟಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದು, ಸಾಗರದ ಮಕ್ಕಳು ಕೇಳಿಯೇ ಬೆಳೆಯುತ್ತಾರೆ. ಗೇಣಿ ಅಳೆಯುವ ಕೊಳಗ ಮೂರು ಸೇರಿನದ್ದಿರಬೇಕು, ಒಡೆಯರ ದೊಡ್ಡ ಕೊಳಗ ಬೇಡ ಅನ್ನುವುದೇ ಆ ಜಗಳದ ಒಂದು ಬೇರು. ಇದನ್ನೆಲ್ಲ ಓದಿದ್ದೇನೆ, ಸಭೆಗಳಲ್ಲಿ ಮಾತೂ ಆಡಿದ್ದೇನೆ. ಆದರೆ ಅದು ಕಾಗೋಡಿನಲ್ಲಿ ನಡೆದದ್ದು. ನಮ್ಮ ಪಣತದ ಮೂಲೆಯ ಕೊಳಗ ಆಟದ ಸಾಮಾನು. ಇವೆರಡನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಬೇರೆಯವರ ಅಪ್ಪ ನನ್ನ ಜಗಲಿಗೆ ಬರಬೇಕಾಯಿತು.

ನಮ್ಮ ದೊಡ್ಡ ಕೊಳಗದಲ್ಲಿ ಗೇಣಿ ಅಳೆದದ್ದನ್ನು ನಾನು ನೋಡಿಲ್ಲ. ನೋಡಿದ್ದರೂ ಆ ವಯಸ್ಸಿಗೆ ತಿಳಿಯುತ್ತಿರಲಿಲ್ಲ. ಅವರು ಹೊರಟ ಮೇಲೆ ಅತ್ತೆಯ ಪ್ರತಿ ತೆಗೆದು ನೋಡಿದೆ. ಅವಳು ಹೋದ ಮೇಲೆ ಅವಳ ಸೊಸೆ ಅದನ್ನು ನನಗೇ ಕೊಟ್ಟಿದ್ದಳು. ಕೊಳಗದ ಆ ಸಾಲುಗಳ ಪಕ್ಕ ಉದ್ದಕ್ಕೆ ಒಂದು ಗೀಟು ಇದೆ. 'ಅಲ್ಲ' ಅಂತ ಇಲ್ಲ, 'ಸುಳ್ಳು' ಅಂತ ಇಲ್ಲ. ಪುಸ್ತಕವಿಡೀ ಮಾತಾಡಿದವಳು ಇಲ್ಲಿ ಮಾತ್ರ ಗೀಟು ಎಳೆದು ಮುಂದೆ ಹೋಗಿದ್ದಾಳೆ. ಅಂದು ಜಗಲಿಯಲ್ಲಿ ಕೂತಾಗ ಈ ಪುಟ ಅವಳೂ ತೆಗೆಯಲಿಲ್ಲ.

ಮರುಮುದ್ರಣ

ಈಗ ಬೆಂಗಳೂರಿನ ಯುವ ಪ್ರಕಾಶಕರೊಬ್ಬರು ಪುಸ್ತಕವನ್ನು ಮತ್ತೆ ತರುತ್ತೇನೆ ಅಂದಿದ್ದಾರೆ. ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ಕಾಲ, ಅಟ್ಟ ತುಂಬಿಸುವ ಭಯವಿಲ್ಲ. ಅವರಿಗೆ ಕೆಲವು ಆಸೆಗಳಿದ್ದವು. ಮುಖಪುಟಕ್ಕೆ ಸೇತುವೆಯ ಡ್ರೋನ್ ಚಿತ್ರ, ಸೇತುವೆಯ ಮೇಲೆ ಒಂದು ಹೊಸ ಅಧ್ಯಾಯ, ಜೊತೆಗೆ 'ಸ್ವಲ್ಪ ಅಪ್‌ಡೇಟ್'. ಡ್ರೋನ್ ಬೇಡ ಅಂದೆ. ನಾನು ಬರೆದ ಊರು ಆ ನೀರಿನ ಕೆಳಗಿದೆ, ಡ್ರೋನಿಗೆ ಕಾಣುವುದು ಮೇಲಿನ ನೀರು. ಅಪ್‌ಡೇಟ್ ವಿಷಯದಲ್ಲಿ ಮಾತ್ರ ಬಹಳ ಯೋಚನೆ ಮಾಡಿದೆ. ಕೂತು ಹಳೆಯ ಪುಟಗಳನ್ನು ತಿದ್ದಲು ಶುರುವೂ ಮಾಡಿದ್ದೆ. ಕೊಳಗದ ಸಾಲುಗಳಿಗೆ ಬಂದಾಗ, ಈಗ ತಿಳಿದದ್ದನ್ನು ಸೇರಿಸಿ ಎರಡು ಪ್ಯಾರಾ ಬರೆದೆ. ಗೇಣಿ, ಅಳತೆ, ಅನ್ಯಾಯ, ಎಲ್ಲ ಬಂತು. ಓದಿ ನೋಡಿದರೆ ಯಾರು ಬೇಕಾದರೂ ಬರೆಯಬಹುದಾದ ಲೇಖನದ ಹಾಗಿತ್ತು. ಆ ಹುಡುಗನ ಅಪ್ಪ ಅದನ್ನು ಕೇಳಿದ್ದರೆ, ಹೆಗಡೇರು ಈಗಿನ ಕಾಲಕ್ಕೆ ತಕ್ಕ ಹಾಗೆ ಬರೆದಾರೆ ಅನ್ನುತ್ತಿದ್ದರು. ಅವರು ನಂಬಿದ್ದು, ಬರೆದವನಿಗೆ ತಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಿರಲಿಲ್ಲ ಅನ್ನುವ ಕಾರಣಕ್ಕೆ. ಗೊತ್ತಿದ್ದು ಬರೆದದ್ದರಲ್ಲಿ ಅಂಥ ಸಾಕ್ಷಿ ಸಿಗುವುದಿಲ್ಲ. ಹೊಸ ಪ್ಯಾರಾಗಳನ್ನು ಹೊಡೆದುಹಾಕಿದೆ.

ಹಾಗಾಗಿ ಒಳಗಿನ ಪಠ್ಯ 2008ರಲ್ಲಿ ಇದ್ದ ಹಾಗೇ ಇರುತ್ತದೆ, ಗಾಡಿ ಸಮೇತ. ಹಿಂದೆ ಒಂದು ಭಾಗ ಸೇರಿಸುತ್ತಿದ್ದೇವೆ. ಅತ್ತೆಯ ಪೆನ್ಸಿಲ್ ಟಿಪ್ಪಣಿಗಳೆಲ್ಲ ಪುಟಸಂಖ್ಯೆಯ ಜೊತೆ ಅಲ್ಲಿ ಬರುತ್ತವೆ, ಲಾರಿಯೂ ಬರುತ್ತದೆ, ಗೀಟೂ ಬರುತ್ತದೆ. ಗೀಟನ್ನು ಅಚ್ಚಿನಲ್ಲಿ ಹೇಗೆ ತೋರಿಸಬೇಕು ಅಂತ ಪ್ರಕಾಶಕರು ತಲೆ ಕೆರೆದುಕೊಂಡರು, ಆ ಪುಟದ ಫೋಟೋ ಹಾಕೋಣ ಅಂತಾಯಿತು. ಜೊತೆಗೆ ಆ ಹುಡುಗನ ಅಪ್ಪ ಹೇಳಿದ ಊರು. ಅವರ ಮನೆಗೆ ಹೋಗಿ ಎರಡು ಸಂಜೆ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಮಗ ಅದನ್ನು ಬರಹಕ್ಕೆ ಇಳಿಸುತ್ತಿದ್ದಾನೆ. ಅವರ ಹೆಸರಿನಲ್ಲೇ ಬರುತ್ತದೆ, ಗೌರವಧನವೂ ಅವರಿಗೇ. ಅವರದ್ದು ಒಂದೇ ಷರತ್ತು. "ಗೇಣಿ ಎಷ್ಟು ಕೊಳಗ ಅಂತ ಬರೀರಿ. ಯಾವ ಕೊಳಗ ಅಂತಾನೂ ಬರೀರಿ."

ಈ ಸುದ್ದಿ ಹೇಗೋ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು. ದೊಡ್ಡಪ್ಪನ ಮಗ ಬೆಂಗಳೂರಿನಿಂದ ಫೋನು ಮಾಡಿ ಅರ್ಧ ಗಂಟೆ ಬೈದ. ದೊಡ್ಡ ಕೊಳಗ ಗೇಣಿಗಲ್ಲ, ತೋಟದ ಕೆಲಸದವರಿಗೆ ಪಡಿ ಅಳೆಯಲು ಇಟ್ಟದ್ದು, ದೊಡ್ಡ ಅಳತೆಯಲ್ಲಿ ಕೊಡುತ್ತಿದ್ದ ಮನೆ ನಮ್ಮದು, ನೀನು ಮನೆಯ ಮರ್ಯಾದೆಯನ್ನು ಪರಿಶಿಷ್ಟದಲ್ಲಿ ಹಾಕಿ ಹರಾಜು ಮಾಡುತ್ತಿದ್ದೀಯ ಅಂದ. ಅವನು ನನಗಿಂತ ಮೂರು ವರ್ಷ ದೊಡ್ಡವನು. ಅವನಿಗೆ ನೆನಪಿರಲೂಬಹುದು. ಬಹಳ ಕಾಲದ ಮೇಲೆ ಪುಸ್ತಕಕ್ಕೆ ಎದುರು ಮಾತಾಡುವವರು ಒಬ್ಬರು ಸಿಕ್ಕರು ಅಂತ ನನಗೆ ಒಳಗೆ ಖುಷಿಯೇ ಆಯಿತು, ಅವನಿಗೆ ಹೇಳಲಿಲ್ಲ. ಹೀಗೆ ಫೋನಿನಲ್ಲಿ ಹೇಳಬೇಡ, ಒಂದು ಪುಟ ಬರೆದು ಕಳಿಸು, ನಿನ್ನ ಹೆಸರು ಹಾಕಿಯೇ ಸೇರಿಸುತ್ತೇನೆ ಅಂದೆ. ನಾನು ಯಾಕೆ ಬರೆಯಲಿ ಅಂತ ಫೋನಿಟ್ಟ. ಮರುದಿನ, ಎಷ್ಟು ಪುಟ ಬರೆಯಬಹುದು ಅಂತ ಮೆಸೇಜು ಹಾಕಿದ್ದಾನೆ. ಪುಟ ಹೆಚ್ಚಾದರೆ ಬೆಲೆ ಏರಿಸಬೇಕಾಗುತ್ತದೆ ಅನ್ನುತ್ತಿದ್ದಾರೆ ಪ್ರಕಾಶಕರು. ಏರಿಸಿ ಅಂದಿದ್ದೇನೆ. ಅವನು ತಿಂಗಳ ಕೊನೆಯೊಳಗೆ ಕಳಿಸಿದರೆ ಅದೂ ಅಚ್ಚಿಗೆ ಹೋಗುತ್ತದೆ.